ಪೆದ್ದಮ್ಮ ಕೇಳಿದ ಸಮಾಧಾನ

ಜಸಿಂತಾ ಸಿಸ್ಟರ್ ಕಾನ್ವೆಂಟು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಆದರೇನು, ಬಂಗಾರಪೇಟೆಯಲ್ಲಿ ಒಮ್ಮೆ ಅಂಟಿಕೊಂಡ ಹೆಸರು ಸುಲಭಕ್ಕೆ ಬಿಟ್ಟು ಹೋಗುತ್ತದೆಯೇ? ಸೊಪ್ಪಿನವಳಿಗೂ ಆಕೆ ಸಿಸ್ಟರೇ, ಪಾಠ ಹೇಳುತ್ತಿದ್ದ ಕಾಲೇಜಿನ ಪ್ರಿನ್ಸಿಪಾಲರಿಗೂ ಸಿಸ್ಟರೇ. ಪಿಎಚ್‌.ಡಿ. ಮುಗಿಸಿ ಹೆಸರಿನ ಮುಂದೆ ಡಾಕ್ಟರ್ ಅಂತ ಬಂದ ಮೇಲೆ ಮಂಡಿನೋವಿಗೆ ಮಾತ್ರೆ ಕೇಳಿಕೊಂಡು ಬಂದವರೂ ಉಂಟು.

ಹುಟ್ಟಿದ್ದು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಸಾಲುಮನೆಯಲ್ಲಿ, ಮನೆಮಾತು ತಮಿಳು. ಅಪ್ಪ ಗಣಿಯ ಧೂಳು ಕುಡಿದೂ ಕುಡಿದೂ ಕೆಮ್ಮಿಯೇ ಸತ್ತ. ಹುಡುಗಿ ಹದಿನೆಂಟಕ್ಕೆ ಕಾನ್ವೆಂಟು ಸೇರಿದಳು. ಮುಂದೆ ಗಣಿ ಮುಚ್ಚಿತು. ಗಂಡಸರೆಲ್ಲ ಹಾಡಹಗಲೇ ಜಗಲಿ ಹಿಡಿದು ಕೂತರು. ಅವರ ನಡುವೆ ಹೋಗಿ ಇರುತ್ತೇನೆ ಎಂದು ಈಕೆ, ಇಂಗ್ಲಿಷ್ ಸ್ಕೂಲಿನಲ್ಲಿ ಪಾಠ ಹೇಳು ಸಾಕು ಎಂದು ಮೇಲಿನವರು. ಜಗಳ ಬೆಳೆದು ಕೊನೆಗೆ ತಲೆಯ ಬಟ್ಟೆ ತೆಗೆದಿಟ್ಟು ಹೊರಗೆ ಬಂದಳು. ಹೆತ್ತ ತಾಯಿ ಸಾಯುವವರೆಗೂ ಅದನ್ನು ಕ್ಷಮಿಸಲಿಲ್ಲ.

ಆಮೇಲೆ ಓದು, ಕಾಲೇಜಿನ ಕೆಲಸ, ಅದರ ಜೊತೆಗೆ ಊರೂರಿನ ಜಗಳ ಬಿಡಿಸುವ ಕೆಲಸ. ಸ್ಮಶಾನದ ದಾರಿ, ಬಾವುಟದ ಕಂಬ, ಮೆರವಣಿಗೆಯ ಪಟಾಕಿ, ಏನೇ ಇರಲಿ, ಎರಡು ಗುಂಪಿನ ನಡುವೆ ಹೋಗಿ ನಿಂತುಬಿಡುವಳು. ಎಂಥ ಗುಂಡಿಗೆ ಅಂತೀರಿ! ಅದಕ್ಕೆಲ್ಲ ಆಕೆ ನಂಬಿದ್ದು ಒಂದೇ ಒಂದು ಮಾತನ್ನು. ಸಮಾಧಾನ. ಮನೆಯ ತಮಿಳಿನಲ್ಲಿ ಸಮಾಧಾನವೆಂದರೆ ಶಾಂತಿ. ಚರ್ಚಿನಲ್ಲಿ ಕನ್ನಡ, ತಮಿಳು, ತೆಲುಗು ಯಾವ ಪೂಜೆಗೆ ಹೋದರೂ ಅದೇ ಮಾತು, ಅದೇ ಅರ್ಥ. ಈ ಗಡಿನಾಡಿನ ಮೂರು ನಾಲಿಗೆಗೂ ದೇವರು ಒಂದೇ ಮಾತು ಕೊಟ್ಟಿದ್ದಾನೆ ಎಂದು ಪ್ರತಿವರ್ಷ ಮೊದಲ ಪಾಠದಲ್ಲಿ ಹೇಳುವಳು. ಕಾನ್ವೆಂಟು ಬಿಟ್ಟರೂ ಈ ನಂಬಿಕೆ ಬಿಟ್ಟಿರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಬೂದಿಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಊರಾಚೆಯ ಕಾಲೋನಿಯ ಅಂಬರೀಶ್ ಎಂಬ ಕೂಲಿಯ ಹುಡುಗ ಸತ್ತ. ಮುನಿನಾರಾಯಣಪ್ಪನ ಟೊಮೆಟೊ ತೋಟದ ಕೃಷಿ ಹೊಂಡಕ್ಕೆ, ಮೋಟಾರಿನ ಪೈಪಿಗೆ ಸುತ್ತಿಕೊಂಡ ಪಾಚಿ ಬಿಡಿಸಲು ಇಳಿದಿದ್ದ. ಆ ಹೊಂಡಗಳಿಗೆ ಸುತ್ತಲೂ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಜಾರಿದರೆ ಈಜು ಬಂದವನೂ ಹತ್ತಿ ಬರಲಾರ. ಸೊಂಟಕ್ಕೆ ಹಗ್ಗ ಕಟ್ಟಿಯೇ ಇಳಿಸಬೇಕು. ಅಂಬರೀಶನ ಸೊಂಟದಲ್ಲಿ ಹಗ್ಗವಿರಲಿಲ್ಲ. ತಾನಾಗಿ ಕಾಲು ಜಾರಿ ಬಿದ್ದ ಎಂದರು ತೋಟದವರು. ಅವನ ಕೂಗು ರಸ್ತೆಗೂ ಕೇಳಿಸಿತ್ತು, ದಡದಲ್ಲಿ ಯಾರೋ ಸುಮ್ಮನೆ ನಿಂತಿದ್ದರು ಎಂದರು ಕಾಲೋನಿಯವರು. ಸ್ಟೇಷನ್ನಿಗೆ ದೂರು ಹೋಯಿತು. ಕಾಲೋನಿಯ ಹಾಲನ್ನು ಡೈರಿಯಲ್ಲಿ ಅಳೆಸಿಕೊಳ್ಳುವುದು ನಿಂತಿತು. ಕಾಲೋನಿಯವರು ತೋಟಕ್ಕೆ ಕಾಯಿ ಬಿಡಿಸಲು ಹೋಗುವುದು ನಿಂತಿತು. ಕಲ್ಲು ತೂರಾಟವಾಗಿ ಎರಡು ಕಡೆಯೂ ತಲೆ ಒಡೆದ ಮೇಲೆ ಜಸಿಂತಾಗೆ ಹೇಳಿಕಳಿಸಿದರು.

ಡೈರಿಯ ಮುಂದೆ ಊರೆಲ್ಲ ಸೇರಿತು. ಸತ್ತವನ ತಾಯಿ ಪೆದ್ದಮ್ಮನ ಪಕ್ಕದಲ್ಲೇ ಜಸಿಂತಾ ನೆಲದ ಮೇಲೆ ಕೂತಳು. ನಿನಗೇನು ಬೇಕು, ನೀನೇ ಹೇಳಮ್ಮಾ ಎಂದು ಕೇಳಿದಳು. ಪೆದ್ದಮ್ಮ ಆಂಧ್ರದ ಕಡೆಯಿಂದ ಸೊಸೆಯಾಗಿ ಬಂದವಳು, ಸಂಕಟ ಬಂದರೆ ಬಾಯಿಗೆ ಬರುವುದು ತೆಲುಗೇ.

“ನಾಕು ಸಮಾಧಾನಂ ಕಾವಾಲ,” ಎಂದಳು. ನನಗೆ ಸಮಾಧಾನ ಬೇಕು.

ಜಸಿಂತಾಗೆ ಕಣ್ಣು ತುಂಬಿ ಬಂತು. ಎದ್ದು ನಿಂತು, ಹೆತ್ತ ಮಗನನ್ನು ಕಳೆದುಕೊಂಡ ತಾಯಿಯೇ ಶಾಂತಿ ಕೇಳುತ್ತಿದ್ದಾಳೆ, ನಿಮಗೆಲ್ಲ ಇನ್ನೇನು ಬೇಕು ಎಂದು ಊರಿಗೆ ಊರನ್ನೇ ಕೇಳಿದಳು. ಯಾರೂ ತುಟಿ ಬಿಚ್ಚಲಿಲ್ಲ. ಪೆದ್ದಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮುನಿನಾರಾಯಣಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು ಕೈ ಮುಗಿದ. ವಾರದೊಳಗೆ ದೂರು ವಾಪಸಾಯಿತು, ಕಾಲು ಜಾರಿ ಬಿದ್ದದ್ದು ಎಂದು ತೀರ್ಮಾನವಾಯಿತು, ಹಾಲು ಡೈರಿಗೆ ಹೋಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬೆಂಗಳೂರಿನ ಸಭೆಯೊಂದರಲ್ಲಿ ಜಸಿಂತಾ ಈ ಕಥೆ ಹೇಳಿದಾಗ ದೊಡ್ಡ ದೊಡ್ಡವರೆಲ್ಲ ಕಣ್ಣು ಒರೆಸಿಕೊಂಡರು.

ಈ ಸಲ ವರ್ಷದ ಕಾರ್ಯಕ್ಕೆಂದು ಬಾಳೆಹಣ್ಣು ಹಿಡಿದುಕೊಂಡು ಹೋದಳು. ಪೆದ್ದಮ್ಮ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ವರ್ಷ ಆಯ್ತಲ್ಲ ಸಿಸ್ಟರಮ್ಮ. ಇನ್ನೂ ನಂಗೆ ಸಮಾಧಾನ ಏಳ್ಲೇ ಇಲ್ವಲ್ಲ ನೀನು?”

ಪಾಪ, ಇಷ್ಟು ದಿನ ಬಂದು ಮಾತಾಡಿಸಲಿಲ್ಲವೆಂದು ನೊಂದಿದ್ದಾಳೆ ಅಂದುಕೊಂಡಳು ಜಸಿಂತಾ. ಕೈ ಹಿಡಿದುಕೊಂಡು, ಕಾಲ ಎಲ್ಲವನ್ನೂ ಮರೆಸುತ್ತೆ, ಮಗ ದೇವರ ಹತ್ತಿರ ಇದ್ದಾನೆ ಎಂದೆಲ್ಲ ಸಮಾಧಾನ ಹೇಳತೊಡಗಿದಳು. ಪೆದ್ದಮ್ಮ ಕೈ ಬಿಡಿಸಿಕೊಂಡಳು.

“ಅದಲ್ಲಮ್ಮ. ಅಗ್ಗ ಕಟ್ದೆ ನನ್ ಮಗನ್ನ ಇಳಿಸಿದ್ದು ಯಾರು? ಅವನು ಕೂಗ್ಕೊಂಡಾಗ ದಡದಾಗೆ ನಿಂತಿದ್ದೋರು ಯಾರು? ಅದಕ್ಕೇ ಅಲ್ವಾ ಅವತ್ತು ಡೈರಿ ಮುಂದೆ ಸಮಾಧಾನ ಕೇಳಿದ್ದು.”

ಜಸಿಂತಾಗೆ ಆಗ ಹೊಳೆಯಿತು. ಉತ್ತರ. ಆ ಹೆಂಗಸು ಕೇಳಿದ್ದು ಉತ್ತರ. ತೆಲುಗರ ಮನೆಯೊಳಗೆ ಸಮಾಧಾನವೆಂದರೆ ಕೇಳಿದ ಪ್ರಶ್ನೆಗೆ ಕೊಡುವ ಉತ್ತರ. ಜಸಿಂತಾ ಕಲಿತದ್ದು ಚರ್ಚಿನ ತೆಲುಗು, ಸಂತೆಯ ತೆಲುಗು. ಸಂತೆಯಲ್ಲಿ ಯಾರೂ ಯಾರಿಂದಲೂ ಸಮಾಧಾನ ಕೇಳಿರಲಿಲ್ಲ. ಅಯ್ಯೋ, ಇಷ್ಟು ಓದಿ ಏನು ಬಂತು ಎಂದು ಆಕೆಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು.

ಕಾಲೋನಿಯ ಹಿರಿಯ ಆಂಜಿನಪ್ಪನ ಮನೆಗೆ ಹೋದಳು. ಅವತ್ತು ಅವನೂ ಪಕ್ಕದಲ್ಲೇ ಕೂತಿದ್ದ. ಪೆದ್ದಮ್ಮನ ಮಾತಿನ ಅರ್ಥ ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳಿದಳು. ಅವನು ಸುಳ್ಳು ಹೇಳಲಿಲ್ಲ.

“ಎಲ್ರಿಗೂ ಗೊತ್ತಿತ್ತು ಸಿಸ್ಟರ್. ನಮ್ಮೋರ್ಗೂ, ಅವರ್ಗೂ. ನೀವು ಬೇಕಂತ್ಲೇ ತಿರುಗ್ಸಿ ಏಳಿದ್ರಿ ಅಂದ್ಕೊಂಡ್ವಿ. ಓದಿರೋರು, ಜಗಳ ನಿಲ್ಸಾಕೆ ಒಳ್ಳೆ ಉಪಾಯ ಮಾಡವ್ರೆ ಅಂತ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಮನಸಾರೆ ಮೆಚ್ಚಿ ಹೇಳುತ್ತಿದ್ದ.

ಅಲ್ಲಿಂದ ನೇರ ಮುನಿನಾರಾಯಣಪ್ಪನ ಮನೆಗೆ. ಸೊಸೆ ಕಾಫಿ ತಂದುಕೊಟ್ಟಳು. ದಡದಲ್ಲಿ ಯಾರಿದ್ದರು ಎಂದು ಜಸಿಂತಾ ಕೇಳಿದಳು. ಅವನಿಗೆ ಸಿಟ್ಟೂ ಬರಲಿಲ್ಲ. ಮುಗಿದುಹೋದ ಮಾತು, ಮುಗಿಸಿದವರೂ ನೀವೇ, ಈಗ ನೀವೇ ಗಾಯ ಕೆದಕಿದರೆ ಹೇಗೆ ಎಂದ. ಬಸ್‌ಸ್ಟಾಪಿನವರೆಗೆ ಬೈಕಿನಲ್ಲಿ ಬಿಡಿಸಲೇ ಎಂದೂ ಕೇಳಿದ. ಜಸಿಂತಾ ಕಾಫಿ ಮುಟ್ಟದೆ ಎದ್ದು ಬಂದಳು.

ಮತ್ತೆ ಪೆದ್ದಮ್ಮನ ಬಾಗಿಲಿಗೆ ಬಂದು, ತಪ್ಪು ನನ್ನದು, ನನಗೆ ನಿನ್ನ ಮಾತು ತಿಳಿಯಲಿಲ್ಲ, ನಾಳೆಯೇ ಸ್ಟೇಷನ್ನಿಗೆ ಹೋಗಿ ಹೇಳುತ್ತೇನೆ, ಈ ಊರಿಗೆ ದಿನಾ ಬಂದು ಒಬ್ಬೊಬ್ಬರನ್ನೂ ಕೇಳುತ್ತೇನೆ ಎಂದು ಅತ್ತಳು. ಪೆದ್ದಮ್ಮ ಅಳಲಿಲ್ಲ. ಬಿಡಿಸಿದ ಬೀಜಗಳನ್ನು ಮೊರಕ್ಕೆ ಸುರಿದಳು.

“ಬ್ಯಾಡಮ್ಮ. ನೀನು ಬಂದ್ರೆ ಎಲ್ರೂ ಸುಮ್ಕಾಗ್ತಾರೆ. ಮತ್ತೊಂದು ಜಗಳ ಆದ್ರೆ, ಕುಡ್ದು ಬೈದಾಡ್ವಾಗಾದ್ರೂ ಯಾರಾನ ಬಾಯ್ ಬಿಟ್ಟಾರು. ನೀನು ಈ ಊರಿಗೆ ಬರ್ಬ್ಯಾಡ.”