ಬರಿಗೈಯ ನಡಿಗೆ

ಸಿಂದಗಿಯಲ್ಲಿ ಯಾರಿಗಾದರೂ ಕೌದಿ ಹೊಲಿಸಬೇಕೆಂದರೆ ಹಳೆಯ ಸೀರೆ, ಧೋತರಗಳ ಗಂಟು ಕಟ್ಟಿಕೊಂಡು ಜೈತುನಬಿಯ ಮನೆಗೆ ಹೋಗುತ್ತಿದ್ದರು. ಗಂಡ ಚಾಂದಸಾಬ ಪ್ಯಾಟೆಯಲ್ಲಿ ಹಮಾಲಿ ಮಾಡುತ್ತಿದ್ದವನು, ತೊಗರಿ ಚೀಲ ಇಳಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಒಬ್ಬಳೇ ಮಗಳು ಮೆಹರಾಜಳನ್ನು ಇಂಡಿಗೆ ಕೊಟ್ಟದ್ದಾಯಿತು. ಆಮೇಲೆ ಆ ಒಂದಂಕಣದ ಮನೆಯಲ್ಲಿ ಜೈತುನಬಿ ಮತ್ತು ಆಕೆಯ ಸೂಜಿ. ಮುಂಜಾನೆ ಬಾಗಿಲ ಬೆಳಕಿಗೆ ಕಾಲು ಚಾಚಿ ಕುಳಿತರೆ ಬೆಳಕು ಆರುವ ತನಕ ಏಳುತ್ತಿರಲಿಲ್ಲ. ಮಾತಿಗೆ ಪಕ್ಕದ ಮನೆಯ ಜೋಹರಾಬಿ ಇದ್ದಳು. ಇಬ್ಬರ ಮನೆಗಳ ನಡುವೆ ಒಂದೇ ಗೋಡೆ. ಗೋಡೆಯ ಆಚೆಯಿಂದಲೇ ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಿದ್ದರು.

ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಆ ಚಳಿಗಾಲ ಜೈತುನಬಿಯ ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಕೌದಿ ಹೊಲಿಯುವವಳಿಗೆ ಅದೇನೂ ಹೊಸದಲ್ಲ, ಅರಿಸಿನ ಮೆತ್ತಿಕೊಂಡು ಸುಮ್ಮನಾದಳು. ಆದರೆ ಗಾಯ ಮಾಯಲಿಲ್ಲ. ಬೆರಳು ಬಾತು ಕೀವಾಯಿತು. ಅದರ ಜೊತೆಗೆ ತಡೆಯಲಾಗದ ನೀರಡಿಕೆ. ಒಂದು ಕೊಡ ನೀರು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಉಂಡರೂ ಮೈ ಇಳಿಯುತ್ತ ಹೋಗಿ, ಕುಪ್ಪಸಗಳೆಲ್ಲ ಸಡಿಲಾದವು.

ದವಾಖಾನೆಯಲ್ಲಿ ಡಾಕ್ಟರು ಬೆರಳು ನೋಡಿ, ನೀರಡಿಕೆಯ ಮಾತು ಕೇಳಿ, ಮೂತ್ರ ತಪಾಸಣೆಗೆ ಬರೆದರು. ಕಂಪೌಂಡರ್ ಮಡಿವಾಳಪ್ಪ ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ ಹಾಕಿ, ಅದರಲ್ಲಿ ನಾಲ್ಕು ಹನಿ ಬಿಟ್ಟು ದೀಪದ ಮೇಲೆ ಕಾಯಿಸಿದ. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಂಗಿಯ ಕೆಂಪು ಬಣ್ಣಕ್ಕೆ ಬಂದು ನಿಂತಿತು.

"ಜೈತುನವ್ವಾ, ನಿನಗ ಸಕ್ಕರಿ ಬ್ಯಾನಿ ಐತಿ" ಎಂದ.

ಆಕೆಗೆ ನಗು ಬಂತು. "ನನಗ? ಅಣ್ಣಾ, ನಮ್ಮನ್ಯಾಗ ಸಕ್ಕರಿ ಡಬ್ಬಿ ಸುದ್ದಾ ಇಲ್ಲ. ಬೆಲ್ಲದ ಚಾ ಕುಡಿಯಾಕಿ ನಾ."

"ತಿಂದವರಿಗಷ್ಟ ಬರೂದಲ್ಲಬೇ ಇದು. ಮೈಯಾಗಿನ ಲೆಕ್ಕಾನ ತಪ್ಪಿರತೈತಿ. ಮೊದಲ ಪಥ್ಯಾ ಮಾಡಿ ನೋಡೂನು ಅಂದಾರ ಡಾಕ್ಟರ್ ಸಾಹೇಬ್ರು. ಬೆಲ್ಲ, ಸಕ್ಕರಿ, ಅನ್ನ ಬಿಡು. ರೊಟ್ಟಿ ಕಡಿಮಿ ಮಾಡಿ ಪಲ್ಲೆ ಜಾಸ್ತಿ ತಿನ್ನು. ಮತ್ತ ದಿನಾ ಮುಂಜಾನೆ ನಡಿ."

"ಎಲ್ಲಿಗಿ?"

"ಎಲ್ಲಿಗೂ ಇಲ್ಲ. ಸುಮ್ಮನ ನಡಿಯೂದು. ಮೈ ಬೆವರಬೇಕು."

"ಎಷ್ಟ ದಿನಾ?"

ಮಡಿವಾಳಪ್ಪ ನಳಿಗೆ ತೊಳೆಯುತ್ತಿದ್ದವನು ತಿರುಗಿ ನೋಡದೆ ಹೇಳಿದ, "ಇರೂತನಾ."

ಆಕೆ ಈ ಮಾತನ್ನು ಯಾರಿಗೂ ಹೇಳಲಿಲ್ಲ. ಸಕ್ಕರೆ ಬೇನೆ ಎಂದರೆ ಸಾಹುಕಾರರ ಬೇನೆ ಎಂದು ಎಲ್ಲರಿಗೂ ಗೊತ್ತಿತ್ತು. ಕೌದಿ ಹೊಲಿದು ತಿನ್ನುವವಳು ತನಗೂ ಬಂದಿದೆ ಎಂದರೆ ಜನ ನಗುತ್ತಾರೆ. ಇಲ್ಲವಾದರೆ ಕದ್ದು ಏನು ತಿನ್ನುತ್ತಿದ್ದಳೋ ಎನ್ನುತ್ತಾರೆ. ಮಗಳಿಗೆ ಹೇಳಿದರೆ ಅಳಿಯನ ಮನೆಯವರಿಗೆ ತಿಳಿಯುತ್ತದೆ.

ಪಥ್ಯವನ್ನು ಹೇಗೋ ಹಿಡಿದಳು. ನಡೆಯುವುದೇ ಕಷ್ಟವಾಯಿತು. ಹೆಣ್ಣು ಮಗಳೊಬ್ಬಳು ಊರ ಹೊರಗೆ ನಡೆದರೆ ತಲೆಯ ಮೇಲೆ ಕೊಡವೋ ಬುತ್ತಿಯೋ ಇರಬೇಕು, ಕಂಕುಳಲ್ಲಿ ಕೂಸಾದರೂ ಇರಬೇಕು. ಬರಿಗೈಯಲ್ಲಿ ನಡೆಯುವವಳಿಗೆ ಊರು ಉತ್ತರ ಕೇಳುತ್ತದೆ. ಮೊದಲ ದಿನ ಆಲಮೇಲದ ದಾರಿ ಹಿಡಿದು ಇನ್ನೂ ಕೊನೆಯ ಮನೆ ದಾಟಿರಲಿಲ್ಲ, ಹಿಂದಿನಿಂದ ಬಂದ ಗಾಡಿಯವನು ಎತ್ತು ನಿಲ್ಲಿಸಿದ.

"ಎಲ್ಲಿಗಿ ಹೊಂಟಿ ಯಕ್ಕಾ? ಬಾ, ಕುಂಡ್ರು."

ಏನು ಹೇಳಬೇಕೋ ತಿಳಿಯದೆ "ಆಲಮೇಲಕ್ಕ" ಎಂದುಬಿಟ್ಟಳು. ಅವನು ಒತ್ತಾಯ ಮಾಡಿ ಹತ್ತಿಸಿಕೊಂಡ. ಮುಂದಿನ ಹಳ್ಳಿಯಲ್ಲಿ ಬೀಗರ ಮನೆ ಇದೆಯೆಂದು ಸುಳ್ಳು ಹೇಳಿ ಇಳಿದು, ಬಿಸಿಲೇರಿದ ಮೇಲೆ ತಿರುಗಿ ಬಂದಳು. ಮರುದಿನದಿಂದ ಕಂಕುಳಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಹೊರಟಳು. ಹೊಲದ ಹೆಂಗಸರು ಬುಟ್ಟಿಯಲ್ಲಿ ಬಗ್ಗಿ ನೋಡಿದರು. "ಏನೂ ಇಲ್ಲಲ್ಲ?" ಆಕೆ ಬುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಮುಂದೆ ನಡೆದಳು. ಜೈತುನಬಿ ಮುಂಜಾನೆ ಖಾಲಿ ಬುಟ್ಟಿ ಹೊತ್ತು ಎಲ್ಲಿಗೋ ಹೋಗಿ ಖಾಲಿ ಬುಟ್ಟಿಯಲ್ಲೇ ಬರುತ್ತಾಳೆ ಎಂಬ ಮಾತು ಹಬ್ಬಿತು. ಮಾಟದವರ ಬಳಿ ಹೋಗುತ್ತಾಳೆ ಎಂದೂ ಯಾರೋ ಸೇರಿಸಿದರು.

ಇದೆಲ್ಲ ನಡೆದಿದ್ದಾಗ ಜೋಹರಾಬಿಯ ಸೊಸೆ ಸಗೀರಾ ಸುಸೂತ್ರವಾಗಿ ಹೆತ್ತಳು. ಜೋಹರಾಬಿ ದರ್ಗಾದಲ್ಲಿ ಸಕ್ಕರೆಗೆ ಫಾತೆಹಾ ಓದಿಸಿ ಓಣಿಗೆಲ್ಲ ಹಂಚಿದಳು. ಜೈತುನಬಿ ಎರಡೂ ಕೈ ಒಡ್ಡಿ ಇಸಿದುಕೊಂಡು, "ಆಮ್ಯಾಲ ತಿಂತೇನಿ" ಎಂದು ಸೆರಗಿನ ತುದಿಗೆ ಗಂಟು ಹಾಕಿದಳು. ಓದಿಸಿದ ಸಕ್ಕರೆ, ಎಸೆಯಬಾರದು, ತಿನ್ನಲೂ ಬಾರದು. ಸಂಜೆಗೆ ಮನೆಯ ಹಿಂದೆ ಹೋಗಿ, ಇರುವೆಗಳೂ ದೇವರ ಜೀವವೇ ಎಂದುಕೊಂಡು, ಇರುವೆ ಗೂಡಿನ ಬಾಯಿಗೆ ಮೆಲ್ಲಗೆ ಸುರಿದಳು. ತಲೆ ಎತ್ತಿದರೆ ಜೋಹರಾಬಿ ಬೂದಿ ಚೆಲ್ಲಲು ಬಂದು ನಿಂತಿದ್ದಳು.

"ನನ್ನ ಮೊಮ್ಮಗನ ಸಕ್ಕರಿ ನೆಲಕ್ಕ ಚೆಲ್ಲಿದಿ?"

"ಚೆಲ್ಲಲಿಲ್ಲ ಜೋಹರಾ... ನನಗ ತಿನ್ನಬಾರದು, ನನಗ..."

"ನಮ್ಮನಿದು ತಿನ್ನಬಾರದು. ತಿಳೀತು ಬಿಡು."

ಅವತ್ತಿಗೆ ಗೋಡೆಯಾಚೆಯ ಮಾತು ನಿಂತಿತು. ಮರುದಿನ ಹೋಗಿ ಬೇನೆಯ ವಿಷಯ ಬಿಡಿಸಿ ಹೇಳಿದಳು. ಜೋಹರಾಬಿ ಕೇಳಿಸಿಕೊಂಡು, "ಬಡವರಿಗೆಲ್ಲಿ ಬರತೈತಿ ಅದು?" ಎಂದು ಮುಖ ತಿರುಗಿಸಿದಳು. ಅಷ್ಟು ದಿನ ಮುಚ್ಚಿಟ್ಟ ಮಾತು ಹೇಳಿದ ಮೇಲೂ ಯಾರೂ ನಂಬದಿದ್ದರೆ ಮನುಷ್ಯ ಇನ್ನೇನು ಮಾಡಬೇಕು? ಗೋಡೆಯಾಚೆ ಕೂಸಿನ ಅಳು, ಜೋಗುಳ, ನಗು ಎಲ್ಲ ಕೇಳುತ್ತಿತ್ತು. ಈಚೆ ಜೈತುನಬಿ ಬಾಯಿ ಬಿಡದೆ ಹೊಲಿಯುತ್ತಿದ್ದಳು.

ರಮಜಾನ್ ಹಬ್ಬಕ್ಕೆ ಇಂಡಿಗೆ ಹೋದಾಗ ಪಥ್ಯವೂ ಮುರಿಯಿತು. ಮಗಳು ಬಟ್ಟಲಲ್ಲಿ ಹಾಲು ಶಾವಿಗೆಯ ಸಿಹಿ ಸುರಕುಂಬಾ ಕೊಟ್ಟಳು. ಸುತ್ತ ಎಲ್ಲರೂ ಕೂತು ಉಣ್ಣುತ್ತಿದ್ದರು. ಬಹಳ ದಿನದ ಮೇಲೆ ಜನರ ನಡುವೆ ಕೂತಿದ್ದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಇನ್ನೊಂದು ಬಟ್ಟಲನ್ನೂ ಕೇಳಿ ಹಾಕಿಸಿಕೊಂಡಳು. ಸಿಂದಗಿಗೆ ಬಂದ ಮೇಲೆ ನಡೆಯುವುದನ್ನು ಬಿಟ್ಟಳು. ಬೆಲ್ಲದ ಚಹಾ ಮತ್ತೆ ಶುರುವಾಯಿತು. ಯಾರಿಗಾಗಿ ಬಿಡಬೇಕು ಎಂಬುದೊಂದೇ ಪ್ರಶ್ನೆ ಆಕೆಗೆ.

ಮಳೆಗಾಲದ ಒಂದು ದಿನ ಬಾವಿಯಿಂದ ನೀರು ತರುತ್ತಿದ್ದಾಗ ಹಿಂದಿನಿಂದ ಯಾರೋ ಕೂಗಿದರು, "ಜೈತುನವ್ವಾ, ನಿನ್ನ ಚಪ್ಪಲಿ!" ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ಅಷ್ಟು ದೂರದಲ್ಲಿ ಕೆಸರಿನಲ್ಲಿ ಉಳಿದಿತ್ತು. ಬರಿಗಾಲಲ್ಲಿ ಕಲ್ಲು ಮುಳ್ಳಿನ ಮೇಲೆ ನಡೆದು ಬಂದಿದ್ದಳು. ಕಾಲಿಗೆ ತಿಳಿದೇ ಇರಲಿಲ್ಲ. ಅಂಗಾಲಿಗೆ ಚುಚ್ಚಿದ ಜಾಲಿಮುಳ್ಳನ್ನು ಕಣ್ಣಿನಿಂದ ನೋಡಿ ತೆಗೆದಳು. ನೋವಾಗಲಿಲ್ಲ. ಆಗ ಹೆದರಿಕೆಯಾಯಿತು.

ಅದೇ ವಾರ ಕಾಳು ವ್ಯಾಪಾರದ ಅಡತಿ ಅಂಗಡಿಯ ಪರಪ್ಪನ ಮನೆಯಿಂದ ಕರೆ ಬಂತು. ಅವನ ತಾಯಿ ಚನ್ನವ್ವ ಕೌದಿ ಹೊಲಿಸಬೇಕಂತೆ. ದೊಡ್ಡ ಮನೆ, ತುಂಬ ಜನ. ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದ ಚನ್ನವ್ವ, ಸೊಸೆ ಚಹಾ ತಂದಿಟ್ಟು ಹೋದ ಮೇಲೆ ಮೆಲ್ಲಗೆ ಹೇಳಿದಳು.

"ಅದನ್ನ ಕುಡಿಬ್ಯಾಡ. ನಿನಗೂ ಐತೆಲ್ಲ?"

ಜೈತುನಬಿ ಚಾಚಿದ ಕೈ ಹಿಂದೆ ತೆಗೆದಳು. "ಯಾರು ಹೇಳಿದ್ರು ನಿಮಗ?"

"ಮಡಿವಾಳಪ್ಪ. ನನಗ ಸೂಜಿ ಚುಚ್ಚಾಕ ಬರ್ತಾನ. ಸಿಟ್ಟಾಗಬ್ಯಾಡ ಅವನ ಮ್ಯಾಲ. ಊರಾಗ ನನ್ನಂಗ ಇನ್ನೊಬ್ಬಾಕಿ ಅದಾಳ ಅಂತ ಕೇಳಿ ನನಗ ಒಂದೀಟು ಉಸಿರು ಬಂದಂಗಾತು, ನೋಡು."

ಚನ್ನವ್ವನಿಗೆ ಬೇನೆ ಬಂದು ಬಹಳ ವರ್ಷವಾಗಿತ್ತು. ಮನೆಯಲ್ಲಿ ಹೋಳಿಗೆಯ ದಿನ ಆಕೆಯನ್ನು ಈ ಕೋಣೆಯಲ್ಲೇ ಕೂರಿಸಿ ರೊಟ್ಟಿ ಕೊಡುತ್ತಿದ್ದರು. ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಆದರೆ ಪರಪ್ಪನ ತಾಯಿ ರಸ್ತೆಯಲ್ಲಿ ಸುಮ್ಮನೆ ನಡೆದರೆ ಮನೆಯ ಮರ್ಯಾದೆ ಏನಾಗಬೇಕು? ಹಿತ್ತಲಲ್ಲಿ ನಡೆಯಿರಿ ಎಂದಿದ್ದ ಮಗ. ಹಿತ್ತಲಿನ ಆ ಗೋಡೆಯಿಂದ ಈ ಗೋಡೆಗೆ ನಡೆದು ನಡೆದು ತಲೆ ತಿರುಗಿ ಬಿಟ್ಟಿದ್ದಳು.

ಜೈತುನಬಿ ತನ್ನ ಖಾಲಿ ಬುಟ್ಟಿಯ ಕತೆ ಹೇಳಿದಳು. ಚನ್ನವ್ವ ಮಂಚ ಅಲುಗುವಂತೆ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

"ಸುಮ್ಮನ ನಡದ್ರ ಕೇಳ್ತಾರ. ಹರಕಿ ಅಂದ್ರ ಯಾರೂ ಕೇಳೂದಿಲ್ಲ" ಎಂದಳು. ಆಲಮೇಲದ ದಾರಿಯಲ್ಲಿ ಊರ ಹೊರಗೆ ಒಂದು ಹಣಮಪ್ಪನ ಗುಡಿ ಇತ್ತು. ಅದಕ್ಕೆ ತುಸು ಆಚೆ, ಬೇವಿನ ಗಿಡದ ಕೆಳಗೆ ಒಬ್ಬ ಫಕೀರನ ಗೋರಿ.

"ದೇವ್ರಿಗಿ ಸುಳ್ಳು ಹೇಳಿದಂಗ ಆಗೂದಿಲ್ಲೇನ್ರಿ ಅವ್ವಾರ?"

"ಬದುಕಸಪ್ಪಾ ಅಂತ ದಿನಾ ಅವನ ತನಕಾ ನಡಕೋತ ಹೋಗೂದು ಹರಕಿ ಅಲ್ಲಂದ್ರ ಮತ್ತ್ಯಾವುದು ಹರಕಿ?"

ಪರಪ್ಪ ಹರಕೆಯ ಮಾತಿಗೆ ಎದುರಾಡಲಿಲ್ಲ. ತಾಯಿಯ ಜೊತೆಗೆ ಕೌದಿಯ ಜೈತುನಬಿ ಹೋಗುತ್ತಾಳೆಂದರೆ ಅವನಿಗೂ ನಿಶ್ಚಿಂತೆ. ಇಬ್ಬರೂ ನಸುಕಿನಲ್ಲಿ ಹೊರಟು, ಒಬ್ಬಳು ಗುಡಿಯ ಮುಂದೆ, ಒಬ್ಬಳು ಗೋರಿಯ ಮುಂದೆ ನಿಂತು ಬರುತ್ತಿದ್ದರು. ಗಾಡಿಯವರು ದಾರಿ ಬಿಟ್ಟುಕೊಟ್ಟರು. ಹಿಂದಿನ ದಿನ ಏನು ತಿಂದೆ ಎಂದು ಒಬ್ಬರನ್ನೊಬ್ಬರು ಪೊಲೀಸರ ಹಾಗೆ ಕೇಳುತ್ತಿದ್ದರು. "ಒಂದು ತುಣುಕು ಬೆಲ್ಲದ ಉಂಡಿ" ಎಂದು ಚನ್ನವ್ವ ಒಪ್ಪಿಕೊಂಡರೆ ಅಂದು ಇನ್ನೊಂದು ಹೊಲದಷ್ಟು ದೂರ ಹೆಚ್ಚು ನಡಿಗೆ. ಜೈತುನಬಿಯ ಹೆಬ್ಬೆರಳು ಕೊನೆಗೂ ಮಾಯಿತು. ದವಾಖಾನೆಯ ನಳಿಗೆ ಹಸಿರಿಗೇ ನಿಲ್ಲತೊಡಗಿತು. ಮಡಿವಾಳಪ್ಪ "ಶಾಬಾಸ್" ಎಂದ ದಿನ ಆಕೆ ಆ ಮಾತನ್ನು ಹೇಳಲು ನೇರ ಚನ್ನವ್ವನ ಮನೆಗೆ ಓಡಿದಳು. ಹೇಳಲು ಬೇರೆ ಯಾರೂ ಇರಲಿಲ್ಲ.

ಒಂದೂವರೆ ವರ್ಷ ಹೀಗೆ ನಡೆಯಿತು. ಚನ್ನವ್ವನ ಬೇನೆ ಹಳೆಯದು. ಬೇಸಿಗೆಯಲ್ಲಿ ಆಕೆಯ ಕಾಲ ಬೆರಳು ಕಪ್ಪಾಯಿತು. ಸೊಲ್ಲಾಪುರದ ದೊಡ್ಡ ದವಾಖಾನೆಗೆ ಒಯ್ದರು. ತಿರುಗಿ ಬಂದಾಗ ಆ ಕಾಲಿಗೆ ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ.

ಜೈತುನಬಿ ಮಂಚದ ಹತ್ತಿರ ಕೂತಳು. ಚನ್ನವ್ವನೇ ಕೇಳಿದಳು, "ಇವತ್ತ ನಡದಿ?"

"ಇಲ್ರಿ. ಒಬ್ಬಾಕಿ ಏನ ನಡೀಲಿ?"

"ನನಗ ಕಾಲಿಲ್ಲ ಅಂತ ನಿನ್ನ ಕಾಲೂ ಕೊಯ್ಸಿಕೋತಿ ಏನು?" ಚನ್ನವ್ವ ಗದರಿದಳು. "ನಡದು ಬಾ. ಬಂದು ದಾರ್ಯಾಗ ಏನೇನ ಐತಿ ಹೇಳು."

ಅಂದಿನಿಂದ ಜೈತುನಬಿ ನಡೆದು ನೇರ ಆ ಮನೆಗೆ ಹೋಗುತ್ತಿದ್ದಳು. ಮುಂಗಾರಿ ಜೋಳ ಹಾಲುಗಾಳಾಗಿದೆ, ಯಾರದೋ ಎಮ್ಮೆ ತೊಗರಿಗೆ ಬಿದ್ದಿದೆ, ಗುಡಿಗೆ ಸುಣ್ಣ ಬಳಿಯುತ್ತಿದ್ದಾರೆ ಎಂದು ಹೇಳುತ್ತಿದ್ದಳು. ಚನ್ನವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕೆಲವು ದಿನ "ಇವತ್ತ ಹೇಳಬ್ಯಾಡ, ಸುಮ್ಮನ ಕುಂಡ್ರು" ಎನ್ನುತ್ತಿದ್ದಳು. ಆಗ ಜೈತುನಬಿ ಸುಮ್ಮನೆ ಕೂತು ಬರುತ್ತಿದ್ದಳು. ದೀಪಾವಳಿಗೆ ಮುಂಚೆ ಚನ್ನವ್ವ ತೀರಿಕೊಂಡಳು. ಮನೆ ತುಂಬ ಬೀಗರು, ನೆಂಟರು. ಜೈತುನಬಿ ಅಂಗಳದ ಮೂಲೆಯಲ್ಲಿ ನಿಂತು ನೋಡಿದಳು. ನೀನು ಆಕೆಗೆ ಏನಾಗಬೇಕು ಎಂದು ಯಾರಾದರೂ ಕೇಳಿದ್ದರೆ ಹೇಳಲು ಆಕೆಗೆ ಒಂದು ಶಬ್ದವೂ ಇರಲಿಲ್ಲ. ಯಾರೂ ಕೇಳಲಿಲ್ಲ.

ಮುಂದಿನ ವರ್ಷ ಮೆಹರಾಜ ಹಟ ಹಿಡಿದು ತಾಯಿಯನ್ನು ಇಂಡಿಗೆ ಕರೆದುಕೊಂಡು ಹೋದಳು. ಹೊರಡುವ ದಿನ ಜೋಹರಾಬಿ ಬಾಗಿಲಿಗೆ ಬಂದು, ಹೇಳಲು ಏನೋ ಇದ್ದಂತೆ ನಿಂತು, "ಆರಾಮಿರು" ಎಂದಷ್ಟೇ ಹೇಳಿದಳು. ಇಂಡಿಯಲ್ಲಿ ಮೊದಲ ಮುಂಜಾನೆ ಜೈತುನಬಿ ಅಗರಖೇಡದ ದಾರಿ ಹಿಡಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆ ಎತ್ತಿ, ಈ ಹೊಸ ಮುದುಕಿಯನ್ನೂ ಆಕೆಯ ಬರಿಗೈಯನ್ನೂ ನೋಡಿದರು.

"ಎಲ್ಲಿಗಿ ಹೊಂಟಿ ಆಯಿ?"

"ಎಲ್ಲಿಗೂ ಇಲ್ಲವ್ವ. ನನಗ ಸಕ್ಕರಿ ಬ್ಯಾನಿ ಐತಿ, ನಡಿಯಾಕ ಹೊಂಟೇನಿ."

ಒಬ್ಬಿಬ್ಬರು ನಕ್ಕರು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜೈತುನಬಿ ನಿಲ್ಲಲಿಲ್ಲ. ಊರು ದಾಟಿದ ಮೇಲೆ ದಾರಿಯ ಎರಡೂ ಬದಿಗೆ ಕಟಾವಾದ ಹೊಲಗಳು, ದೂರದವರೆಗೆ ಒಂದು ಗಿಡವೂ ಇಲ್ಲ. ಬಿಸಿಲು ಬೆನ್ನಿಗೆ ತಾಗುವ ತನಕ ಹೋಗಿ, ಬೆವರು ಒರೆಸಿಕೊಂಡು ತಿರುಗಿದಳು.