ಎಡಗೈಯ ರಕ್ತನಾಳ

ತೊಂಬತ್ತರ ದಶಕದಲ್ಲಿ ಬೈಪಾಸ್ ಆಪರೇಷನ್ನಿಗೆಂದು ಬೆಂಗಳೂರಿನ ಆಸ್ಪತ್ರೆ ಸೇರಿದಾಗ, ಎದೆಗೆ ಜೋಡಿಸುವ ನಾಳ ಕಾಲಿನದೋ ಕೈಯದೋ ಎಂಬ ಮಾತು ಬಂತು. ಕಾಲಿನದು ಸಲೀಸಾಗಿ ಸಿಗುತ್ತದೆ, ಆದರೆ ಕೆಲವು ವರ್ಷಕ್ಕೆ ಕಟ್ಟಿಕೊಳ್ಳಬಹುದು; ಮುಂಗೈಯದು ಗಟ್ಟಿ, ಹೆಚ್ಚು ಬಾಳಿಕೆ ಬರಬಹುದು ಎಂದರು ಡಾಕ್ಟರು. ಪಕ್ಕದ ಮಂಚದವನ ಕಾಲು ತೊಡೆಯಿಂದ ಹಿಮ್ಮಡಿವರೆಗೆ ಹೊಲಿಗೆ ಬಿದ್ದು ಊದಿತ್ತು. ಆ ಕಾಲಲ್ಲಿ ಗದ್ದೆ ಬದುವಿನ ಮೇಲೆ ನಡೆಯುವುದು ಹೇಗೆ? ಕೈಯೇ ಆಗಲಿ ಅಂದೆ.

ಡಾಕ್ಟರು ನನ್ನ ಮಣಿಕಟ್ಟು ಒತ್ತಿ ಹಿಡಿದು, ಬಿಳಿಚಿದ ಅಂಗೈಗೆ ರಕ್ತ ಮರಳುವುದನ್ನು ನೋಡಿದರು. ಎರಡೂ ಕೈ ಸರಿಯಾಗಿದ್ದವು.

"ಕೆಲಸ ಕಡಿಮೆ ಮಾಡೋ ಕೈಯಿಂದ ತೆಗೀತೀವಿ. ನಿಮಗೆ ಯಾವ ಕೈ ರೂಢಿ?"

ನಾನು ಎಡಚ. ಹಾಲು ಕರೆಯುವುದು, ಕಬ್ಬು ಕಡಿಯುವುದು ಎಲ್ಲ ಎಡಗೈಯಲ್ಲೇ. ಊರಿಗೆಲ್ಲ ಗೊತ್ತಿದ್ದ ಸಂಗತಿ, ಹೊಸಹೊಳಲಿನ ಅತ್ತೆ ಮನೆಯವರ ಮುಂದೆ ಮಾತ್ರ ಮುಚ್ಚಿಟ್ಟುಕೊಂಡು ಬಂದಿದ್ದೆ. ಅಲ್ಲಿ ಎಲೆಅಡಿಕೆ ಕೊಡುವಾಗಲೂ ಮೈಯೆಲ್ಲ ಎಚ್ಚರ. ಈಗ ಹೆಂಡತಿಯ ಅಣ್ಣ ಮಂಚದ ಪಕ್ಕದಲ್ಲೇ ನಿಂತಿದ್ದರು.

"ಬಲಗೈ ಸಾರ್" ಅಂದುಬಿಟ್ಟೆ. ಭಾವ ಕಿಟಕಿಯ ಕಡೆ ತಿರುಗಿದರು.

ಎದೆ ಚೆನ್ನಾಗಿಯೇ ಆಯಿತು. ಆದರೆ ನಾಳ ತೆಗೆದ ಎಡಗೈಯ ಹೆಬ್ಬೆರಳ ಸುತ್ತ ಜೋಮು ಹಿಡಿದದ್ದು ಬಿಡಲೇ ಇಲ್ಲ. ಮೊಲೆ ಹಿಂಡಿದರೆ ಹಾಲು ಇಳಿಯದು, ಹಸು ಕಾಲು ಝಾಡಿಸುತ್ತಿತ್ತು. ಬಲಗೈಗೆ ಆ ಕೆಲಸ ಗೊತ್ತೇ ಇಲ್ಲ. ಕೊನೆಗೆ ಚೊಂಬು ಹಿಡಿದು ಹೆಂಡತಿಯೇ ಕೂತಳು. ಅವಳು ಕರೆಯುತ್ತಿದ್ದರೆ ಪಕ್ಕದಲ್ಲಿ ದಂಡಪಿಂಡದಂತೆ ನಿಲ್ಲಲು ನನಗೆ ನಾಚಿಕೆ. ಒಂದು ಸಂಜೆ ತಡೆಯಲಾಗದೆ ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದನ್ನು ಅವಳಿಗೆ ಹೇಳಿದೆ.

ಅವಳು ಕರೆಯುವುದನ್ನು ನಿಲ್ಲಿಸಲಿಲ್ಲ. "ಎಣ್ಣು ನೋಡಕ್ ಬಂದಿದ್ರಲ್ಲ, ಅವತ್ತೇ ಕಂಡಿದ್ವಿ. ಕಾಪಿ ಲೋಟಕ್ಕೆ ಎಡಗೈ ಚಾಚಿ, ಬಲಗೈಗೆ ಬದ್ಲಾಯಿಸ್ಕಂಡ್ರಿ. ಪಾಪ, ಎಂಗ್ ಎದ್ರಿಕೊಂಡವ್ರೆ ಅಂತ್ಲೇ ನಾನು ಒಪ್ಕಂಡಿದ್ದು."

"ನಿಮ್ಮಣ್ಣನಿಗೂ ಗೊತ್ತಾ?"

"ಅಣ್ಣನೇ ಮೊದ್ಲು ತೋರ್ಸಿದ್ದು. ಆಸ್ಪತ್ರೇಲಿ ಯೋಳ್ಬುಡವಾ ಅಂತ ಬಾಯಿಗ್ ಬಂದಿತ್ತಂತೆ. ಡಾಕ್ಟ್ರ ಮುಂದೆ ನಿಮ್ಮ ಮರ್ವಾದೆ ಯಾಕ್ ಕಳೀಲಿ ಅಂತ ಸುಮ್ಕಾದ್ನಂತೆ."

ನನಗೆ ತಲೆ ಎತ್ತಲಾಗಲಿಲ್ಲ. ಹುಲ್ಲಿನ ಕಂತೆ ಬಿಚ್ಚಿ ಹಸುವಿನ ಮುಂದೆ ಹಾಕಿದೆ, ಬಲಗೈಯಲ್ಲಿ.