ಅಕ್ಕನ ಪಾಲಿಸಿಯಲ್ಲಿ ನಾನು ಒತ್ತಿದ ‘ಇಲ್ಲ’

ಕಂಕನಾಡಿಯ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ನಾನು ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗಲ್ಫಿಗೆ ಹೋಗುವವರ ಟಿಕೆಟ್, ವೀಸಾ ನೋಡಿಕೊಳ್ಳುವುದು, ಜೊತೆಗೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿಕೊಡುವುದು ನನ್ನ ಕೆಲಸ. ಇನ್ಶೂರೆನ್ಸಿನಲ್ಲಿ ಏನೇನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ, “ಎಲ್ಲ ಕವರ್ ಆಗ್ತದೆ, ನೀವು ತಲೆಬಿಸಿ ಮಾಡ್ಬೇಡಿ” ಎನ್ನುತ್ತಿದ್ದೆ. ಅರ್ಜಿಯಲ್ಲಿ ‘ಈಗಾಗಲೇ ಇರುವ ಕಾಯಿಲೆಗಳು’ ಎಂಬ ಒಂದು ಪ್ರಶ್ನೆ ಬರುತ್ತದೆ. ಅಲ್ಲಿಗೆ ಬಂದಾಗ ನನ್ನ ಬೆರಳು ತಾನಾಗಿಯೇ ‘ಇಲ್ಲ’ವನ್ನು ಒತ್ತುತ್ತಿತ್ತು. ಎದುರು ಕೂತವರನ್ನು ಒಂದು ಮಾತು ಕೇಳಬೇಕು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ನನ್ನ ಅಕ್ಕನ ಅರ್ಜಿಯಲ್ಲೂ ನಾನು ಹಾಗೆಯೇ ಮಾಡಿದೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಭಾವ ಈಗ ಇಲ್ಲ. ಅವಳ ಮನೆ ತೊಕ್ಕೊಟ್ಟಿನಲ್ಲಿ. ಅಲ್ಲಿಂದ ಎರಡು ಬಸ್ಸು ಹಿಡಿದು ಬೈಕಂಪಾಡಿಗೆ ಹೋಗಿ ಒಂದು ಕಾರ್ಖಾನೆಯ ಕ್ಯಾಂಟೀನಿನ ಅಡುಗೆ ನೋಡಿಕೊಳ್ಳುತ್ತಿದ್ದಳು. ಮಸ್ಕತ್ತಿನಲ್ಲಿರುವ ಅವಳ ಮಗಳಿಗೆ ಚೊಚ್ಚಲ ಹೆರಿಗೆಯಾದಾಗ ಬಾಣಂತನಕ್ಕೆಂದು ಮೂರು ತಿಂಗಳ ರಜೆ ಹಾಕಿ ಹೊರಟಳು. ಟಿಕೆಟ್ಟನ್ನೂ ಪಾಲಿಸಿಯನ್ನೂ ನಾನೇ ಮಾಡಿಕೊಟ್ಟೆ. ಹೋಗುವಾಗ ಅವಳ ಒಂದು ಪೆಟ್ಟಿಗೆ ಒಂದು ದಿನ ತಡವಾಗಿ ತಲುಪಿತು. ನಾನು ಕ್ಲೇಮ್ ಹಾಕಿದೆ. ಅದು ಒಂದೇ ವಾರದಲ್ಲಿ ಪಾಸಾಯಿತು. ಆಫೀಸಿಗೆ ಬಂದವರಿಗೆಲ್ಲ ಅದನ್ನು ಹೇಳಿಕೊಂಡೆ.

ಅವಳು ಹೋಗಿ ತಿಂಗಳಾಗುವ ಹೊತ್ತಿಗೆ, ಒಂದು ಮಧ್ಯಾಹ್ನ ಎರಡು ಗಂಟೆಗೆ ಸೊಸೆಯ ಫೋನ್ ಬಂತು. ಅಕ್ಕನ ಮಗಳನ್ನು ನಾವು ಸೊಸೆ ಎಂದೇ ಕರೆಯುವುದು.

“ಮಾಮ, ಅಮ್ಮ ಬಿದ್ದಿದ್ದಾರೆ. ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಆಗ್ಲೇಬೇಕಂತೆ.” ಹಿಂದಿನಿಂದ ಮಗು ಅಳುವುದು ಕೇಳುತ್ತಿತ್ತು.

ನನ್ನ ಬಾಯಿಗೆ ಬಂದದ್ದು ಅದೇ ಹಳೆಯ ಮಾತು. “ಹೆದರ್ಬೇಡ. ಇನ್ಶೂರೆನ್ಸ್ ಉಂಟಲ್ವಾ? ಎಲ್ಲ ಕವರ್ ಆಗ್ತದೆ.”

“ಅದಲ್ಲ ಮಾಮ.” ಅವಳು ಧ್ವನಿ ತಗ್ಗಿಸಿದಳು. “ಅಮ್ಮನಿಗೆ ಶುಗರ್ ಉಂಟು ಅಂತ ನಿಮಗೆ ಗೊತ್ತಿತ್ತಾ? ಇನ್ಸುಲಿನ್ ತಗೊಳ್ತಾರಂತೆ. ನಾಲ್ಕು ವರ್ಷ ಆಯ್ತಂತೆ.”

ನನಗೆ ಗೊತ್ತಿರಲಿಲ್ಲ.

“ಬಾಣಂತಿ ಲೇಹದ ಎರಡು ಡಬ್ಬ ತಂದಿದ್ರು. ಒಂದನ್ನು ಆಮೇಲೆ ತೆಗೆಯುವ ಅಂತ ಫ್ರಿಜ್ಜಿನೊಳಗೆ ಹಿಂಬದಿಯಲ್ಲಿ ಇಟ್ಟಿದ್ರು. ಈಗ ತೆಗೆದು ನೋಡಿದ್ರೆ ಅದ್ರಲ್ಲಿ ಲೇಹ ಇಲ್ಲ ಮಾಮ. ಬರೀ ಇನ್ಸುಲಿನ್ ಪೆನ್ನು.”

ಆ ದಿನ ಬೆಳಿಗ್ಗೆ ಅಕ್ಕ ಇನ್ಸುಲಿನ್ ಚುಚ್ಚಿಕೊಂಡಿದ್ದಳು. ತಿಂಡಿಗೆ ಕೂರಬೇಕು ಎನ್ನುವಾಗ ಮಗು ಎದ್ದು ಅಳತೊಡಗಿತು. ಅದನ್ನು ಮೀಯಿಸಿ, ಸುತ್ತಿ, ಮಲಗಿಸುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು. ಅಡುಗೆಮನೆಗೆ ಬಂದವಳಿಗೆ, ಹೊಟ್ಟೆಗೇನೂ ಇಲ್ಲದೆ ಸಕ್ಕರೆ ಇಳಿದು, ಕಣ್ಣು ಕತ್ತಲೆ ಬಂತು. ಅಲ್ಲಿಯೇ ಬಿದ್ದಳು. ಮಗುವನ್ನು ಎತ್ತಿಕೊಂಡಿದ್ದಾಗ ಹಾಗಾಗಿದ್ದರೆ ಎಂದು ಯೋಚಿಸುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಇನ್ಶೂರೆನ್ಸ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಮಾತಾಡಿದ ಹೆಂಗಸು ತುಂಬ ಮರ್ಯಾದೆಯಿಂದ ಎಲ್ಲ ಬರೆದುಕೊಂಡರು. ಸಂಜೆಯ ಹೊತ್ತಿಗೆ ಅವರೇ ತಿರುಗಿ ಫೋನ್ ಮಾಡಿದರು.

“ಸರ್, ಜಾರಿ ಬಿದ್ದಿದ್ದರೆ ಅದು ಅಪಘಾತ. ಆದರೆ ಸಕ್ಕರೆ ಇಳಿದು ಬಿದ್ದದ್ದು ಅಂತ ಆಸ್ಪತ್ರೆಯ ವರದಿಯಲ್ಲಿದೆ. ಮೊದಲೇ ಇದ್ದ ಕಾಯಿಲೆ. ಅರ್ಜಿಯಲ್ಲಿ ಕಾಯಿಲೆ ಇಲ್ಲ ಅಂತ ಘೋಷಿಸಿದ್ದಾರೆ.”

“ಘೋಷಿಸಿದ್ದು ಅವಳಲ್ಲ” ಎಂದು ನಾನು ಹೇಳಲಿಲ್ಲ. ಹಾಗಾದರೆ ಯಾರು ಎಂದು ಅವರು ಕೇಳಿದ್ದರೆ ನಾನು ಏನು ಹೇಳಬೇಕಿತ್ತು?

ಆ ಸಂಜೆ ಮೊದಲ ಬಾರಿಗೆ ಆ ಪಾಲಿಸಿಯನ್ನು ಪೂರ್ತಿ ಓದಿದೆ. ಏನು ಸಿಗುತ್ತದೆ ಎಂಬುದು ಎರಡು ಪುಟ, ಏನು ಸಿಗುವುದಿಲ್ಲ ಎಂಬುದು ಹತ್ತಾರು ಪುಟ. ನೂರಾರು ಜನರ ಕೈಗೆ ಇದೇ ಕಾಗದವನ್ನು ಮಡಚಿ, ಟಿಕೆಟ್ಟಿನ ಜೊತೆ ಲಕೋಟೆಗೆ ತುಂಬಿಸಿ ಕೊಟ್ಟಿದ್ದೆ.

ಮರುದಿನ ಬೆಳಿಗ್ಗೆ ನಾನು ಮಾಡಿದ ಕೆಲಸವನ್ನು ಹೇಳಲೇಬೇಕು. ಸೊಸೆಗೆ ಫೋನ್ ಮಾಡಿ, “ನೆಲ ಒದ್ದೆಯಿತ್ತು, ಜಾರಿ ಬಿದ್ದದ್ದು ಅಂತ ಬರೆಸ್ಲಿಕ್ಕೆ ಆಗ್ತದಾ ಕೇಳು. ಶುಗರಿನ ವಿಷಯ ತೆಗೀಲಿಕ್ಕೆ ಹೇಳು” ಎಂದೆ. ಅವಳು ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಮಲಗಿದ್ದ ಅಕ್ಕನ ಕೈಗೆ ಫೋನ್ ಕೊಟ್ಟಳು.

“ಎಂತ ಹೇಳ್ತಿದ್ದಿ ನೀನು?” ಅಕ್ಕನ ಧ್ವನಿ ಬಳಲಿತ್ತು, ಆದರೆ ಸಿಟ್ಟು ಸ್ಪಷ್ಟವಾಗಿತ್ತು. “ಶುಗರ್ ಇಲ್ಲ ಅಂತ ಬರೆಸಿದ್ರೆ ಆಪರೇಷನ್ ಮಾಡುವಾಗ ಇವರು ನನಗೆ ಯಾವ ಮದ್ದು ಕೊಡುದು ಮಾರಾಯ? ನನ್ನನ್ನು ಕೊಲ್ತೀಯಾ?”

ಅಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ನನ್ನನ್ನು ಸಾಕಿದವಳ ಜೀವಕ್ಕಿಂತ ನನ್ನ ತಪ್ಪು ಮುಚ್ಚಿಹೋಗುವುದು ನನಗೆ ಮುಖ್ಯವಾಗಿತ್ತು ಎಂಬುದು ಅವಳ ಆ ಒಂದು ಪ್ರಶ್ನೆಯಿಂದ ಬಯಲಾಯಿತು.

ಕ್ಲೇಮ್ ತಿರಸ್ಕೃತವಾಯಿತು. ಸೊಸೆಯ ಗಂಡ, ಅವನ ಸ್ನೇಹಿತರು, ಇಲ್ಲಿಂದ ನಾನು, ಎಲ್ಲ ಸೇರಿ ದುಡ್ಡು ಹೊಂದಿಸಿ ಆಪರೇಷನ್ ಮಾಡಿಸಿದೆವು. ಅದು ಚೆನ್ನಾಗಿಯೇ ಆಯಿತು.

ಆ ವಾರ ಆಫೀಸಿನಲ್ಲಿ, ಇನ್ನೂ ಪ್ರಯಾಣ ಹೊರಡದ ಗಿರಾಕಿಗಳ ಪಟ್ಟಿ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಬಹರೈನಿಗೆ ಹೊರಟಿದ್ದ ಹಿರಿಯರೊಬ್ಬರನ್ನು ಕೇಳಿದೆ: “ನಿಮಗೆ ಮೊದಲೇ ಏನಾದ್ರೂ ಕಾಯಿಲೆ ಉಂಟಾ?”

“ಹಾರ್ಟಿಗೆ ಎರಡು ಸ್ಟೆಂಟ್ ಹಾಕಿದ್ದಾರೆ. ಯಾಕೆ?”

“ಅದನ್ನು ನೀವು ನನಗೆ ಹೇಳಿರಲಿಲ್ಲ.”

“ನೀವು ಕೇಳಿರಲಿಲ್ಲವಲ್ಲ ಮಾರಾಯ್ರೆ!” ಅವರು ಗಟ್ಟಿಯಾಗಿ ನಕ್ಕರು. ಪಟ್ಟಿಯಲ್ಲಿ ಅವರ ಹಾಗೆ ಇನ್ನೂ ಏಳು ಜನ ಸಿಕ್ಕಿದರು. ಕಂಪನಿಗೆ ಬರೆದು ಒಬ್ಬೊಬ್ಬರ ಅರ್ಜಿಯನ್ನೂ ತಿದ್ದಿಸಿದೆ. ಇಬ್ಬರಿಗೆ ಪಾಲಿಸಿಯೇ ಸಿಗಲಿಲ್ಲ. ಅವರು ನನ್ನನ್ನು ಬೈದು ಬೇರೆ ಏಜೆನ್ಸಿಗೆ ಹೋದರು.

ಎರಡು ತಿಂಗಳ ಮೇಲೆ ಅಕ್ಕ ಗಾಲಿಕುರ್ಚಿಯಲ್ಲಿ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದಳು. ತೊಕ್ಕೊಟ್ಟಿನ ಮನೆಯಲ್ಲಿ ಅವಳನ್ನು ಮಲಗಿಸಿ, ಮದ್ದಿನ ಚೀಟಿಗಳನ್ನು ಜೋಡಿಸುತ್ತಿದ್ದಾಗ ಶುಗರಿನ ಹಳೆಯದೊಂದು ಚೀಟಿ ಸಿಕ್ಕಿತು. ಅದರ ಮೇಲಿದ್ದ ವಿಳಾಸವನ್ನು ಮತ್ತೊಮ್ಮೆ ಓದಿದೆ. ಆ ಕ್ಲಿನಿಕ್ ನನ್ನ ಆಫೀಸಿನ ಹಿಂದಿನ ರಸ್ತೆಯಲ್ಲೇ ಇತ್ತು. ತಿಂಗಳಿಗೊಮ್ಮೆ ಅಕ್ಕ ಆಫೀಸಿಗೆ ಬರುತ್ತಿದ್ದಳು. ಹತ್ತು ನಿಮಿಷ ಕೂತು, “ಸುಮ್ಮನೆ ಬಂದೆ, ನಿನ್ನನ್ನು ನೋಡ್ಲಿಕ್ಕೆ” ಎಂದು ಹೇಳಿ ಹೋಗುತ್ತಿದ್ದಳು. ನಾನು ಅದನ್ನು ನಂಬಿದ್ದೆ.

“ನನಗಾದ್ರೂ ಹೇಳ್ಬಾರದಿತ್ತಾ ಅಕ್ಕ?”

“ಹೇಳಿದ್ರೆ ಮಗಳಿಗೆ ಗೊತ್ತಾಗ್ತಿತ್ತು. ‘ಅಮ್ಮ, ನೀವು ಬರ್ಬೇಡಿ’ ಅಂತಿದ್ಳು. ನನಗೆ ಮಗುವನ್ನು ನೋಡ್ಬೇಕಿತ್ತು.” ಅವಳು ಮುಖ ಆಚೆ ತಿರುಗಿಸಿದಳು. ಚೀಟಿಗಳ ಜೊತೆಗಿದ್ದ ಪಾಲಿಸಿಯನ್ನು ತೋರಿಸಿ, “ಆ ಕಾಗದದಲ್ಲಿ ಎಂತ ಉಂಟು ಓದು. ಕನ್ನಡದಲ್ಲಿ ಹೇಳು” ಎಂದಳು.

ಓದಿದೆ. ಒಂದೊಂದೇ ಸಾಲು ಬಿಡಿಸಿ ಹೇಳಿದೆ. ಪ್ರಯಾಣದಲ್ಲಿ ತೀರಿಕೊಂಡರೆ ದೇಹವನ್ನು ಊರಿಗೆ ತಲುಪಿಸುವ ಮಾತು ಬಂದಾಗ ಅವಳು ಕೈಯೆತ್ತಿ ತಡೆದಳು.

“ಹಾಗಾದ್ರೆ ನಾನು ಅಲ್ಲೇ ಸತ್ತಿದ್ರೆ ಇವರು ತಂದು ಕೊಡ್ತಿದ್ರಾ?”

“ಇಲ್ಲ ಅಕ್ಕ. ಅದಕ್ಕೂ ಅದೇ ಷರತ್ತು.”

“ಬದುಕಿದ್ರೂ ಇಲ್ಲ, ಸತ್ರೂ ಇಲ್ಲ!” ಎಂದಳು ಅಕ್ಕ. ಆಮೇಲೆ ಹೊಟ್ಟೆ ಕುಲುಕಿಸಿ ನಗಲು ಶುರುಮಾಡಿದಳು. ನಗುವಾಗ ಸೊಂಟ ನೋಯುತ್ತದೆಂದು ಎರಡೂ ಕೈಯಿಂದ ಹಿಡಿದುಕೊಂಡು ಮತ್ತೂ ನಕ್ಕಳು. ನನಗೆ ನಗು ಬರಲಿಲ್ಲ.